ಕಿವಿ ಮುಟ್ಟಿದ ಕೂಸು

"ಕೇಳಿರಿ, ಮಹಾಜನಗಳೇ. ಮಕ್ಕಳನ್ನು ಬಳೆಯ ಭಟ್ಟಿಯಲ್ಲಿ ದುಡಿಸಬಾರದೆಂದು ಕಾನೂನು ಮಾಡಿ ಮೂರು ವರ್ಷವಾಯಿತು. ಇನ್ನೂ ಎಳೆಯ ಬೆರಳುಗಳು ಸುಡುತ್ತಲೇ ಇವೆ. ನನ್ನ ಮೂರು ಒಗಟು ಬಿಡಿಸಿದವರಿಗೆ ನಾಡಿನ ಮಕ್ಕಳನ್ನು ಕಾಯುವ ಪದವಿ. ತಪ್ಪಿದವರಿಗೆ ತಲೆದಂಡ."

ಹೀಗೆಂದು ರಾಣಿ ಕೆಂಚಾಂಬೆ ಡಂಗುರ ಹೊಡೆಸಿದಳು. ಪದವಿಯ ಆಸೆಗೆ ಬಂದವರೆಲ್ಲ ದೊಡ್ಡ ಪೇಟದವರು. ಕೊನೆಯಲ್ಲಿ ನಿಂತವನು ಮಾತ್ರ ಬಳೆಗಾರ ಹೊನ್ನೂರ, ಹೆಗಲಲ್ಲಿ ಬಳೆಯ ಮಲಾರ. ತೀರಿಹೋದ ಅಕ್ಕನ ಮಗಳು ನಿಂಗಿ ಭಟ್ಟಿಯಲ್ಲಿದ್ದಳು. ಅವನಿಗೆ ಬೇಕಾದದ್ದು ಅವಳು, ಪದವಿಯಲ್ಲ.

"ನಾನು ಹೆತ್ತ ಕೂಸೊಂದಿದೆ," ಎಂದಳು ರಾಣಿ. "ಬಾಯಿದೆ, ಕಾಲಿಲ್ಲ. ಅರಮನೆಯಲ್ಲಿ ಗಟ್ಟಿಯಾಗಿ ಮಾತಾಡುತ್ತದೆ, ಭಟ್ಟಿಯ ತನಕ ನಡೆಯಲಾರದು. ಏನದು? ಎರಡನೆಯದು, ಎಲ್ಲ ಮಕ್ಕಳಿಗೂ ಇರುವಂಥದ್ದು, ಮುಟ್ಟಿದರೆ ಬಾಲ್ಯ ಮುಗಿಯುತ್ತದೆ. ಏನದು? ಮೂರನೆಯದು, ನನ್ನ ಕೂಸಿಗೆ ಕಾಲು ಕೊಡುವವರು ಯಾರು?"

ಮೊದಲನೆಯದಕ್ಕೆ ನಗಾರಿ ಎಂದ ದಂಡನಾಯಕನನ್ನು ಭಟರು ಎಳೆದೊಯ್ದರು. ಎರಡನೆಯದಕ್ಕೆ ಬೆಂಕಿ ಎಂದ ಆಸ್ಥಾನ ಪಂಡಿತನೂ ಹೋದ. ಮಿಕ್ಕವರು ಪೇಟ ಸರಿಮಾಡಿಕೊಳ್ಳುತ್ತ ಬಾಗಿಲ ಕಡೆ ಜಾರಿದರು.

"ಮೊದಲ್ನೇದು ನಿಮ್ಮ ಕಾನೂನು, ತಾಯಿ," ಎಂದ ಹೊನ್ನೂರ. "ಇಲ್ಲಿ ಓದ್ತಾರೆ, ಅಲ್ಲಿಗೆ ಬರಲ್ಲ. ಎರಡನೇದು ಕಿವಿ."

ಸಭೆ ನಕ್ಕಿತು. ರಾಣಿ ನಗಲಿಲ್ಲ.

"ಭಟ್ಟಿ ಸಾಹುಕಾರರು ಕೂಸಿನ ಕೈನ ತಲೆ ಮೇಲಿಂದ ಬಳಸಿ ಆಚೆ ಕಿವಿ ಮುಟ್ಟಿಸ್ತಾರೆ. ಮುಟ್ಟಿದ್ರೆ ದೊಡ್ಡದಾಯ್ತು, ಕೆಲಸಕ್ಕೆ ನಡಿ ಅಂತಾರೆ. ನಮ್ಮ ನಿಂಗೀದು ಉದ್ದ ಕೈ. ಆರು ವರ್ಷಕ್ಕೇ ಮುಟ್ಟಿಬಿಟ್ಲು. ಮುಟ್ಟಿದೆ ಅಂತ ಖುಷಿಗೆ ನಕ್ಕಳು ಬೇರೆ."

"ಆರೇ ಅಂತ ಹೇಗೆ ಹೇಳುತ್ತೀಯ?"

"ತೊಟ್ಟಿಲಿಗೆ ಹಾಕಿದ ದಿನ ಕರಿಬಳೆ ತೊಡಿಸಿದ್ದು ನಾನೇ. ಊರೂರಲ್ಲೂ ಕೂಸಿಗೆ ಮೊದಲ ಬಳೆ ಇಡೋರು ಬಳೆಗಾರರೇ. ಯಾವ ಕೂಸು ಯಾವ ವರ್ಷದ್ದು ಅಂತ ಸೂಲಗಿತ್ತೇರಿಗೆ ಗೊತ್ತು, ನಮಗೆ ಗೊತ್ತು. ಕಿವಿ ಕೇಳಬೇಡಿ, ನಮ್ಮನ್ನ ಕೇಳಿ. ಮೂರನೇದಕ್ಕೆ ನಮ್ಮ ಕಾಲೇ ಉತ್ತರ. ಸವೆದಿವೆ ತಾಯಿ, ಆದ್ರೆ ಭಟ್ಟಿ ದಾರಿ ಗೊತ್ತು."

ರಾಣಿ ಕಣ್ಣೊರೆಸಿಕೊಂಡು ಕೆಳಗಿಳಿದು ಬಂದಳು. ತನ್ನ ಮುದ್ರೆಯುಂಗುರವನ್ನು ಅವನ ಮಲಾರಕ್ಕೆ ಕಟ್ಟಿದಳು. ಸೋತವರ ತಲೆ ಉಳಿಯಿತು. ಪೇಟ ಮಾತ್ರ ಕಳಚಿಸಿ, ವರ್ಷವಿಡೀ ಅನಾಥ ಮಕ್ಕಳ ತೊಟ್ಟಿಲು ತೂಗಲು ಹಚ್ಚಿದಳು. ಪಂಡಿತ ಜೋಗುಳ ಚೆನ್ನಾಗಿಯೇ ಹಾಡುತ್ತಿದ್ದನಂತೆ.

ಅಂದೇ ಹೊನ್ನೂರ ಭಟ್ಟಿಗೆ ಹೋಗಿ ಮುದ್ರೆ ತೋರಿಸಿ, ಮಕ್ಕಳನ್ನೆಲ್ಲ ಬಿಡಿಸಿ, ನಿಂಗಿಯನ್ನು ಹೆಗಲೇರಿಸಿಕೊಂಡು ಹೊರಟ. ದಾರಿಯಲ್ಲಿ ಅವಳು ತಲೆಯ ಮೇಲಿಂದ ಕೈ ಚಾಚಿ, ಕಿವಿಯ ಹತ್ತಿರ ಬೆರಳು ನಿಲ್ಲಿಸಿದಳು.

"ಮಾವಾ, ಈಗ ಮುಟ್ಟಿದ್ರೆ ಏನಾಗುತ್ತೆ?"

"ಏನೂ ಆಗಲ್ಲ ಕಣೇ. ಕಿವಿ ಸಿಗುತ್ತೆ, ಅಷ್ಟೇ."