ಕಗ್ಗಲ್ಲು ಬಯಲಿನ ಹಾದಿಯಮ್ಮ

ಭೂಮಂಡಲದಲ್ಲಿ ಊರುಗಳು ಹುಟ್ಟಿದ್ದರೂ ಊರಿನಿಂದ ಊರಿಗೆ ಹಾದಿಗಳಿನ್ನೂ ಹುಟ್ಟಿರದ ಕಾಲದಲ್ಲಿ, ತೀರ್ಥಯಾತ್ರೆಗೆ ಹೊರಟವನು ಹಿಂದಿರುಗಿದರೆ ಅದನ್ನೇ ಪುನರ್ಜನ್ಮವೆಂದು ಬಂಧುಜನರು ಸಂಭ್ರಮಿಸುತ್ತಿದ್ದ ಆ ಪುರಾತನ ಯುಗದಲ್ಲಿ, ತ್ರಿಧಾರಾಸಂಗಮವೆಂಬ ಮಹಾತೀರ್ಥಕ್ಕೂ ಉತ್ತರದ ಜನಪದಗಳಿಗೂ ನಡುವೆ ಎರಡು ದಿನದ ನಡಿಗೆಯಷ್ಟು ವಿಸ್ತಾರವಾಗಿ, ನಿರ್ಜಲವಾಗಿ, ನಿರ್ವೃಕ್ಷವಾಗಿ ಈ ಕಗ್ಗಲ್ಲು ಬಯಲು ಹರಡಿಕೊಂಡಿತ್ತು. ಅದು ತ್ರೇತಾಯುಗವೋ ದ್ವಾಪರವೋ ಎಂಬ ವಿಷಯದಲ್ಲಿ ನಮ್ಮ ಹಿರಿಯರು ಮೂರು ತಲೆಮಾರು ಜಗಳವಾಡಿದ್ದಾರೆ. ಬಾಯಾರಿಕೆಗೆ ಯುಗದ ಹಂಗಿಲ್ಲವಾದ್ದರಿಂದ ನಾನು ಆ ತಂಟೆಗೆ ಹೋಗುವುದಿಲ್ಲ.

ಗುಡ್ಡಗಳನ್ನು ಬಳಸಿ ಹೋದರೆ ಎಂಟು ದಿನ, ಬಯಲನ್ನು ಸೀಳಿ ಹೋದರೆ ಎರಡೇ ದಿನ; ಆದರೆ ಸೀಳಿ ಹೋಗಲು ನಡುವೆ ನೀರು ಬೇಕು, ಆ ನೀರಿರುವ ತಾಣ ಓಬಳನೆಂಬ ವ್ಯಾಧನೊಬ್ಬನಿಗೆ ಮಾತ್ರ ಗೊತ್ತಿತ್ತು. ಬಂಡೆಗಳ ಸಂದಿಯಲ್ಲಿ ಚಪ್ಪಡಿ ಮುಚ್ಚಿದ ಒಂದು ಸಣ್ಣ ಒರತೆ, ಪಿತೃಪಿತಾಮಹರಿಂದ ಅವನಿಗೆ ಬಂದ ಗುಟ್ಟು. ಹೆಂಡತಿಗಾಗಲಿ, ಒಬ್ಬಳೇ ಮಗಳಾದ ಬೊಮ್ಮಕ್ಕನಿಗಾಗಲಿ ಅವನು ಅದನ್ನು ತೋರಿಸಿದವನಲ್ಲ. ಬೇಟೆಗಿಂತ ಯಾತ್ರಿಕರನ್ನು ದಾಟಿಸುವ ಕಾಯಕವೇ ಸುಖವೆಂದು ಕಂಡುಕೊಂಡ ಆ ಪುಣ್ಯಾತ್ಮನು, ಈ ಸೀಮೆಯ ಮೊತ್ತಮೊದಲ ಮಾರ್ಗದರ್ಶಿ ಎಂದು ಧಾರಾಳವಾಗಿ ಹೇಳಬಹುದು. ಅವನ ಕ್ರಮವೊಂದಿತ್ತು. ಬಯಲಿನ ಅಂಚು ಮುಟ್ಟಿದೊಡನೆ ಯಾತ್ರಿಕರನ್ನು ಮುಂದೆ ಬಿಟ್ಟು, ತಾನು ಹಿಂದುಳಿದು, ಬಂದರಿ ಸೊಪ್ಪಿನ ಬರಲಿನಿಂದ, ಎಂದರೆ ಕಡ್ಡಿಪೊರಕೆಯಿಂದ, ಅಷ್ಟೂ ಜನರ ಹೆಜ್ಜೆಗಳನ್ನು ಗುಡಿಸಿ ಅಳಿಸುತ್ತ ನಡೆಯುತ್ತಿದ್ದನು. ಹೆಜ್ಜೆ ಉಳಿದರೆ ನಾಳೆ ತನ್ನ ಹಂಗಿಲ್ಲದೆ ಜನ ದಾಟಿಯಾರು ಎಂಬುದೇ ಅವನ ಭಯ. ಹೊಟ್ಟೆಪಾಡಿನ ಭಯವನ್ನು ನಾನು ಹೀಗಳೆಯಲಾರೆ, ಆದರೂ ನೀರನ್ನು ಬಚ್ಚಿಟ್ಟವನನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬೊಮ್ಮಕ್ಕನನ್ನು ಬಯಲಿನಾಚೆ, ಸಂಗಮದ ಸಮೀಪದ ಹಳ್ಳಿಗೆ ಕೊಟ್ಟಿತ್ತು. ಚೊಚ್ಚಲ ಬಾಣಂತನಕ್ಕೆ ತವರಿಗೆ ಕರೆತರುವುದು ಕುಲಾಚಾರವಾದ್ದರಿಂದ, ಯಾತ್ರಿಕರನ್ನು ಸಂಗಮಕ್ಕೆ ಮುಟ್ಟಿಸಿ ಮರಳುವಾಗ ಜೊತೆಯಲ್ಲಿ ಕರೆದೊಯ್ಯುವೆನೆಂದು ಓಬಳನು ಮಗಳಿಗೆ ಮಾತು ಕೊಟ್ಟಿದ್ದನು. ಆದರೆ ಸಂಗಮದಲ್ಲಿ ಒಬ್ಬ ಧನಿಕ ವರ್ತಕನ ಪರಿವಾರ ಸಿಕ್ಕಿತು. ಪಟ್ಟೆಯ ಮಡಿ, ಕಂಚಿನ ಪಾತ್ರೆ, ಏನು ಬೇಕೋ ಕೇಳು, ಈಗಿಂದೀಗಲೇ ಹೊರಡಬೇಕು ಎಂದಿತು. ಇವರನ್ನು ದಾಟಿಸಿ ನಾಲ್ಕೇ ದಿನದಲ್ಲಿ ಬಂದರಾಯಿತು ಎಂದುಕೊಂಡು ಅವನು ಮಗಳ ಹಳ್ಳಿಯ ಪಕ್ಕದಲ್ಲೇ ಹಾದುಹೋದನು, ಒಳಗೆ ಹೋಗಿ ಮುಖ ತೋರಿಸಲಿಲ್ಲ.

ಮರುದಿನ ಬಾವಿಕಟ್ಟೆಯಲ್ಲಿ ಸುದ್ದಿ ತಿಳಿದ ಬೊಮ್ಮಕ್ಕನಿಗೆ ದುಃಖ ಉಕ್ಕಿತು. ಗಂಡ ಕುರಿಮಂದೆಯೊಡನೆ ದೂರ ಹೋಗಿದ್ದನು, ದಿನಗಳು ತುಂಬಿದ್ದವು. ಪರಿವಾರದ ನಡಿಗೆ ನಿಧಾನ, ಬೆನ್ನು ಹತ್ತಿದರೆ ಸಿಕ್ಕೇ ಸಿಗುವರೆಂದು ಅವಳು ಗಂಟು ಕಟ್ಟಿದಳು. “ಬ್ಯಾಡ ನನ್ನವ್ವ, ನಿಮ್ಮಪ್ಪ ಬರಲಿ ತಡಿ” ಎಂದು ಅತ್ತೆ ಸೆರಗು ಹಿಡಿದಳು. ಓಬಳನ ಬಲಗಾಲಿನ ಕಿರುಬೆರಳನ್ನು ಚಿರತೆ ಕಚ್ಚಿ ಒಯ್ದದ್ದು ಊರಿಗೆಲ್ಲ ಗೊತ್ತಿದ್ದ ಸಂಗತಿ. “ನಾಕು ಬೆರಳಿನ ಹೆಜ್ಜಿ ಇಡೀ ಸೀಮ್ಯಾಗ ನಮ್ಮಪ್ಪಂದೊಂದೇ ಅತ್ತಿ. ಅದನ್ನ ಹಿಡ್ಕಂಡು ಹೋಗ್ತೀನಿ ಬಿಡು” ಎಂದು ಅವಳು ಹೊರಟೇಬಿಟ್ಟಳು.

ಬಯಲಿನ ಅಂಚಿನವರೆಗೆ ಹೆಜ್ಜೆಗಳಿದ್ದವು. ಅನಂತರ ಮಣ್ಣು ಸಾರಿಸಿದ ಅಂಗಳದಷ್ಟು ನುಣುಪಾಗಿತ್ತು.

ವರ್ತಕನನ್ನು ಉತ್ತರದ ದಡ ಸೇರಿಸಿ, ಪಟ್ಟೆಯ ಮಡಿಯನ್ನು ಮಗಳಿಗೆಂದೇ ಹೆಗಲಿಗೇರಿಸಿಕೊಂಡು ಓಬಳನು ಮರಳಿ ಬಂದಾಗ, ತಾನು ಗುಡಿಸಿದ್ದ ನೆಲದ ಮೇಲೆ ಒಂಟಿ ಹೆಜ್ಜೆಗಳ ಸಾಲು ಕಂಡಿತು. ಆ ಹೆಜ್ಜೆಗಳು ನೆಟ್ಟಗಿರಲಿಲ್ಲ. ಹುಡುಕುತ್ತ, ಸುತ್ತುತ್ತ, ಬಂದಲ್ಲಿಗೇ ಬರುತ್ತಿದ್ದವು. ಯಾರೋ ತನ್ನ ಒರತೆಯನ್ನು ಕದಿಯಲು ಬಂದಿದ್ದಾರೆಂದು ಕ್ರೋಧಾವಿಷ್ಟನಾದ ಅವನು, ಅಯ್ಯೋ, ಏನೆಂದು ಬರೆಯಲಿ, ರೂಢಿಯಂತೆ ಬರಲು ಹಿಡಿದು ಆ ಹೆಜ್ಜೆಗಳನ್ನೂ ಒಂದೊಂದಾಗಿ ಅಳಿಸುತ್ತಲೇ ಬೆನ್ನಟ್ಟಿದನು. ಮುಂದೆ ಹೆಜ್ಜೆಗಳು ಒತ್ತೊತ್ತಾದವು, ಆಮೇಲೆ ಹೆಜ್ಜೆಯ ಪಕ್ಕದಲ್ಲಿ ಅಂಗೈಯ ಗುರುತುಗಳೂ ಮೂಡಿದ್ದವು. ಒಂದು ಕಡೆ ಬರಲಿಗೆ ತಗುಲಿ ಏನೋ ಠಣ್ಣೆಂದಿತು, ಬಗ್ಗಿ ನೋಡಿದರೆ ಮದುವೆಯಲ್ಲಿ ತಾನೇ ಮಗಳಿಗೆ ತೊಡಿಸಿದ ಕಾಲ್ಗಡಗ.

ಬರಲು ಅವನ ಕೈಯಿಂದ ಜಾರಿತು. ಒರತೆಗೆ ಕೇವಲ ಒಂದು ಕೂಗಳತೆಯ ದೂರದಲ್ಲಿ, ಕರಿಬಂಡೆಯೊಂದರ ನೆರಳಿನಲ್ಲಿ ಬೊಮ್ಮಕ್ಕನ ಸೀರೆಯಿತ್ತು, ಸೀರೆಯ ಮಡಿಲಲ್ಲಿ ಆಗತಾನೇ ಹುಟ್ಟಿದ ಹೆಣ್ಣುಕೂಸು ಜೀವದಿಂದಿತ್ತು, ಅಲ್ಲಿಯವರೆಗೆ ಹನಿ ನೀರನ್ನೂ ಕಂಡರಿಯದ ಬಂಡೆಯ ಬಿರುಕು ಜಿನುಗಿ ಕೂಸಿನ ತುಟಿಯನ್ನು ತೋಯಿಸುತ್ತಿತ್ತು. ಆದರೆ ಹೆತ್ತವಳು ಆ ಶಿಲೆಯಲ್ಲಿ ಐಕ್ಯಳಾಗಿದ್ದಳು. ಓಬಳನು ಹಣೆ ಚಚ್ಚಿಕೊಂಡು ಕೂಗಿದಾಗ ಬಂಡೆಯೊಳಗಿಂದ ಒಂದು ವಾಣಿ ಕೇಳಿಸಿತು. ಪುರಾಣಗಳಲ್ಲಿ ಅಶರೀರವಾಣಿಯು ಸಂಸ್ಕೃತದಲ್ಲಿ ನುಡಿಯುವುದು ವಾಡಿಕೆ, ಇದು ಮಾತ್ರ ಮನೆಯ ಮಾತಿನಲ್ಲೇ ನುಡಿಯಿತು:

“ಅಪ್ಪಾ, ನಿನ್ನ ಹೆಜ್ಜಿ ಭಾಳ ಹುಡುಕಿದೆ, ಸಿಗಲಿಲ್ಲ. ಇನ್ಮ್ಯಾಲೆ ಬರೋರಿಗೆ ಸಿಗಲಿ.”

ಶಪಿಸಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ. ಓಬಳನು ಒರತೆಯ ಚಪ್ಪಡಿಯನ್ನು ಎತ್ತಿ ಬಿಸುಟನು. ಕೂಸನ್ನು ಹೆಂಡತಿಯ ಮಡಿಲಿಗೆ ಹಾಕಿ ಬಂದವನು ಉಳಿದ ಆಯುಷ್ಯವನ್ನೆಲ್ಲ ಬಯಲಿನ ಈ ಅಂಚಿನಿಂದ ಆ ಅಂಚಿನವರೆಗೆ, ಕೂಗಳತೆಗೊಂದರಂತೆ ಕಲ್ಲು ಹೊತ್ತು ನೆಟ್ಟು ಸುಣ್ಣ ಬಳಿಯುವುದರಲ್ಲಿ ಸವೆಸಿದನು. ಹಾದಿಯೆಂಬುದು ಈ ಸೀಮೆಯಲ್ಲಿ ಹುಟ್ಟಿದ್ದು ಹೀಗೆ, ಬೊಮ್ಮಕ್ಕನು ಹಾದಿಯಮ್ಮನಾದದ್ದೂ ಹೀಗೆಯೇ. ಆ ಕಲ್ಲುಗಳ ಗುರುತು ಹಿಡಿದು ಕಾಲಾಂತರದಲ್ಲಿ ಲಂಬಾಣಿಗರ ಉಪ್ಪಿನ ಹೇರೆತ್ತುಗಳು ನಡೆದವು. ಹೇರೆತ್ತುಗಳಿಗಾಗಿ ಒರತೆಯು ಬಾವಿಯಾಯಿತು. ಪಾಳೆಯಗಾರರ ರಾಣಿಯೊಬ್ಬಳು ಅರವಟ್ಟಿಗೆಯನ್ನೂ ಛತ್ರವನ್ನೂ ಕಟ್ಟಿಸಿದಳು. ಸರಪಳಿ ಹಿಡಿದು ಅಳೆಯಲು ಬಂದ ಪರಂಗಿ ದೊರೆಗಳು ಬೇರೆ ದಿಕ್ಕು ಕಾಣದೆ ಅದೇ ಸಾಲಿನಲ್ಲಿ ಅಂಕಿ ಕೊರೆದ ಮೈಲುಗಲ್ಲುಗಳನ್ನು ನೆಟ್ಟರು. ಗಾಡಿದಾರಿ ಡಾಂಬರು ಕಂಡಿತು, ಬಸ್ಸು ಬಂತು, ಬಾವುಟ ಹಿಡಿದ ಗೈಡಿನ ಹಿಂದೆ ಮೂವತ್ತು ಮೂವತ್ತು ಜನ ಇಳಿಯುವ ಪ್ರವಾಸಗಳೂ ಬಂದವು. ಎರಡು ದಿನದ ನಡಿಗೆ ಈಗ ಮುಕ್ಕಾಲು ಗಂಟೆ. ಕಿಟಕಿಯ ಪಕ್ಕ ಕೂತವರು ನಿದ್ದೆ ಹೋಗಿರುತ್ತಾರೆ, ಅದು ಹಾದಿಯಮ್ಮನ ಕೃಪೆಯೆಂದೇ ನಾನು ತಿಳಿಯುತ್ತೇನೆ. ಹೆದರಿಕೆಯಿಲ್ಲದೆ ಮಲಗಿ ದಾಟುವಂತಾಗಲು ಎಷ್ಟು ಕಾಲ ಹಿಡಿಯಿತೆಂಬುದು ಅವರಿಗೆ ಗೊತ್ತಿರದಿದ್ದರೂ ನಷ್ಟವಿಲ್ಲ.

ಕರಿಬಂಡೆಯ ಬಿರುಕು ಇಂದಿಗೂ ಜಿನುಗುತ್ತದೆ, ಕಡುಬೇಸಿಗೆಯಲ್ಲೂ ಒಂದು ತಂಬಿಗೆಗೆ ಮೋಸವಿಲ್ಲ. ಬಂಡೆಯ ಸುತ್ತ ಎದ್ದಿರುವ ದೇವಾಲಯದ ಪ್ರಾಂಗಣ ಧೂಳುಮಯವೆಂದು ದೂರು ಪುಸ್ತಕದಲ್ಲಿ ಪ್ರವಾಸಿ ಮಹಾಶಯರು ಬರೆದಿಟ್ಟು ಹೋಗುತ್ತಾರೆ. ಬರೆಯಲಿ. ಇಲ್ಲಿ ಕಸಬರಿಗೆ ನಿಷಿದ್ಧ, ಕಸವನ್ನು ಕೈಯಿಂದಲೇ ಆರಿಸುತ್ತೇವೆ. ಬಂದವರ ಹೆಜ್ಜೆಯನ್ನು ಗಾಳಿ ಅಳಿಸಿದರೆ ಅಳಿಸಲಿ, ನಾವು ಅಳಿಸುವುದಿಲ್ಲ.

ಮಾಘ ಶುದ್ಧ ಪೌರ್ಣಮಿಯ ಪ್ರಾತಃಕಾಲದಲ್ಲಿ ಇಲ್ಲಿನ ಮುಖ್ಯ ಸೇವೆ. ಸುತ್ತಲಿನ ಹಳ್ಳಿಗಳ ಚೊಚ್ಚಲ ಬಸುರಿಯರು ಬಂಡೆಗೆ ಹತ್ತಿರದ ಸುಣ್ಣದ ಕಲ್ಲಿನಿಂದ ಬಂಡೆಯವರೆಗೆ ನಡೆದು ಬರುತ್ತಾರೆ. ಮುಂದೆ ಅಪ್ಪ ಬರಿಗಾಲಿನಲ್ಲಿ ನಡೆಯಬೇಕು, ಅವನ ಹೆಜ್ಜೆಯ ಮೇಲೆಯೇ ಮಗಳು ಹೆಜ್ಜೆಯಿಡಬೇಕು. ತಂದೆಯಿಲ್ಲದವರಿಗೆ, ಆ ಕೂಸಿನ ವಂಶದವನಾಗಿ ಅರ್ಚಕನಾಗಿರುವ ನಾನೇ ಮುಂದೆ ನಡೆಯುತ್ತೇನೆ. ಮಂತ್ರವಿಲ್ಲ, ಮಂಗಳವಾದ್ಯವಿಲ್ಲ, ಒಂದೇ ಒಂದು ನಿಯಮವಿದೆ. ಗಂಡಸರಿಗೆ ಬೀಸುಗಾಲು ಹಾಕಿ ರೂಢಿ, ಮುಂದೆ ಹೋಗಿ ನಿಂತು ತಿರುಗಿ ನೋಡುವ ಚಾಳಿ. ಹಾಗೆ ಮಾಡಿದವನು ಎಂಥ ಗೌಡನಾಗಲಿ, ಎಂಥ ಅಧಿಕಾರಿಯಾಗಲಿ, ಅಲ್ಲಿಯೇ ತಡೆದು ಹೊರಟ ಕಲ್ಲಿಗೇ ಹಿಂದಿರುಗಿಸಿ, ಮಗಳ ಕಾಲಿಗೆ ಎಟಕುವಷ್ಟೇ ಹೆಜ್ಜೆ ಹಾಕಿಸಿ ಮತ್ತೆ ನಡೆಸುತ್ತೇವೆ.