ಕೆಂಚಿ ಕಾಲೂರಿ ನಿಂತಳು

ಹೊಳೆದಂಡೆಯ ಮಠಕ್ಕೆ ಶಿಷ್ಯ ಈರಭದ್ರ ಬಂದಾಗ ಗುರುಗಳಾದ ಅಜ್ಜಾರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು.

ಈರಭದ್ರನ ಮನೆಯಲ್ಲಿ ಎರಡು ಕುದುರೆ. ಅವುಗಳಲ್ಲಿ ಕೆಂಚಿ ಎಂಬ ಹೆಣ್ಣುಕುದುರೆಯನ್ನು ಮರಿಯಿದ್ದಾಗಿನಿಂದ ಕೈಯಾರೆ ಸಾಕಿದ್ದ. ಈಚೆಗೆ ಅವಳಿಗೆ ಬೆನ್ನುನೋವು. ಯಾರೋ ಮಾಡುವುದನ್ನು ನೋಡಿ ಬಂದು, ತಾನೂ ಎಣ್ಣೆ ಹಚ್ಚಿ ಗಸಗಸ ತಿಕ್ಕಿದ್ದ. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಮರುದಿನದಿಂದ ಕೆಂಚಿ ಅವನ ಕೈ ಕಂಡರೆ ಸಾಕು, ಗೋಡೆಗೆ ಸರಿದು ನಿಲ್ಲುತ್ತಿದ್ದಳು.

ಅದನ್ನೆಲ್ಲ ಹೇಳಿ ಅವನು ಕಟ್ಟೆಯ ಕೆಳಗೆ ಕೂತ.

“ಅಜ್ಜಾರ, ಕುದುರಿ ಮೈ ತಿಕ್ಕೂದು ಸರಿಯಾಗಿ ಕಲೀಬೇಕ್ರಿ. ಕಲಿಸೋರು ಭಾಳ ಮಂದಿ ಅದಾರ. ಯಾರ ಕಡೆ ಹೋಗ್ಲಿ?”

“ನೀ ಯಾಕ ಕಲೀತಿ? ಬಲ್ಲವರನ್ನ ಕರದು ತಿಕ್ಕಸು.”

“ಇಲ್ರಿ. ನಾನ ಕೆಡಿಸೇನಿ, ನಾನ ಸರಿ ಮಾಡ್ತೀನಿ.”

ಅಜ್ಜಾರು ಎದ್ದು ಅವನ ಹಿಂದೆ ಬಂದರು. ಕುತ್ತಿಗೆಯ ಬುಡಕ್ಕೆ ಹೆಬ್ಬೆರಳಿಟ್ಟು ಒಂದೇ ಸಮ ಒತ್ತಿದರು.

“ಯವ್ವಾ, ಸತ್ತೆ!”

“ನಿನಗ ಬಾಯಿ ಐತಿ, ಒದರಿದಿ. ಆಕಿ ಏನ ಮಾಡಬೇಕು? ಕಲಿಸೋರನ್ನ ಹೋಗಿ ನೋಡ್ಕೊಂಡು ಬಾ. ಕೆಂಚಿನ್ನ ಜೋಡಿ ಕರ್ಕೊಂಡು ಹೋಗು.”

ಕೆಲವು ದಿನಗಳ ಮೇಲೆ ಈರಭದ್ರ ಬಂದ. ಕೆಂಚಿಯನ್ನು ಬೇವಿನ ಮರಕ್ಕೆ ಕಟ್ಟಿದ. ಮುಖ ಕೆಂಪಾಗಿತ್ತು.

“ಮೊದಲು ಪ್ಯಾಟಿಯೊಳಗಿನ ತರಬೇತಿಗೆ ಹೋದ್ನಿರಿ. ನಾಕ ದಿನದಾಗ ಕಲಿಸಿ, ಕಡೀಕ ಶಾಲು ಹೊದಿಸಿ ಸರ್ಟಿಫಿಕೇಟ್ ಕೊಡ್ತಾರ. ಕೆಂಚಿ ಬಾಗಿಲದಾಗ ಕಾಲೂರಿ ನಿಂತ್ಲು, ಎಳ್ಕೊಂಡು ಹೋದೆ. ಆ ಮಾಸ್ತರರ ಕೈ ಅಂದ್ರ ಕೈ ನೋಡ್ರಿ! ಹಾರ್ಮೋನಿಯಂ ಮ್ಯಾಲ ಆಡಿದಂಗ ಆಡ್ತಿದ್ವು.”

“ಅವರ ಕೈಕೆಳಗಿನ ಕುದುರಿ ಹೆಂಗ ನಿಂತಿತ್ತು?”

“ಅದನ್ನ ನೋಡ್ಲಿಲ್ರಿ. ಕೈ ನೋಡ್ಕೋತ ನಿಂತಿದ್ದೆ.”

“ಆಮ್ಯಾಲ?”

“ಕುದುರಿ ಡಾಕ್ಟರು ಸಕೀನಾಬಾಯಿಯವರ ಕಡೆ ಹೋದೆ. ಅವರು ವರ್ಷಗಟ್ಟಲೆ ಕಲಸ್ತಾರ. ಕೆಂಚಿ ಬೆನ್ನು ನೋಡಿದ್ರು, ಬೆನ್ನ ಮ್ಯಾಲ ಹಾಕೂ ಜೀನು ತರಿಸಿ ನೋಡಿದ್ರು. ‘ಜೀನು ಒತ್ತಿ ಬಾತೈತಿ. ಬಾವು ಇಳಿಯೂತನಕ ನೀನೂ ತಿಕ್ಕಬ್ಯಾಡ, ನಾನೂ ತಿಕ್ಕೂದಿಲ್ಲ’ ಅಂದ್ರು. ನನಗ ಏನ ಕೆಲಸ ಹಚ್ಚಿದ್ರು ಗೊತ್ತೇನ್ರಿ? ಕೈ ಕಟ್ಕೊಂಡು ಕುದುರಿ ಕಿವಿ ನೋಡೂದು! ತಿಕ್ಕೂದು ಕಲಿಯಾಕ ಹೋದವಗ ಮುಟ್ಟಾಕೂ ಬಿಡಲಿಲ್ಲ.”

ಅಜ್ಜಾರಿಗೆ ನಗು ತಡೆಯಲಾಗಲಿಲ್ಲ.

“ನೋಡಿದೆಲ್ಲೋ? ಏನ ಕಂಡ್ತು?”

ಈರಭದ್ರ ಕೆಂಚಿಯ ಕಡೆ ತಿರುಗಿದ.

“ನಾ ಹತ್ರ ಹೋದ್ರ ಆಕಿ ಕಿವಿ ಹಿಂದಕ್ಕ ಹೋಗ್ತಾವ್ರಿ. ನಾ ಕೈ ಎತ್ತೂಕಿಂತ ಮೊದಲ ಹೋಗ್ತಾವು. ಡಾಕ್ಟರಬಾಯಿ ಬಂದ್ರ...”

“ಹೇಳು.”

“ತಲಿ ಇಳಿಸಿ ಅವರ ಭುಜದ ಮ್ಯಾಲ ಗದ್ದ ಇಟ್ಲು. ಮೊದಲು ನನ್ನ ಭುಜದ ಮ್ಯಾಲ ಹಂಗ ಇಡ್ತಿದ್ಲು.”

ಅವನು ಅತ್ತ. ಅಜ್ಜಾರು ತಡೆಯಲಿಲ್ಲ, ಶೇಂಗಾ ಸುಲಿಯುತ್ತ ಕೂತರು.

ಆಮೇಲೆ ಅವನು ಮೂಗು ಒರೆಸಿಕೊಂಡು ಎದ್ದು ನಿಂತ.

“ಎಷ್ಟ ವರ್ಷ ಹಿಡೀತದೋ ಹಿಡೀಲಿ. ಕಿವಿನ ನೋಡು ಅಂದ್ರ ಕಿವಿನ ನೋಡ್ತೀನಿ. ಆದ್ರ ಅಜ್ಜಾರ, ಇದ ಸರಿಯಾದ ಜಾಗಾ ಅಂತ ಹೆಂಗ ತಿಳೀಬೇಕ್ರಿ? ನನಗ ಆರಿಸಾಕ ಬರೂದಿಲ್ಲ.”

ಅಜ್ಜಾರು ಬೇವಿನ ಮರದ ಕಡೆ ಕೈ ತೋರಿದರು.

“ಆರಿಸಿದಾಕಿ ಅಲ್ಲಿ ನಿಂತಾಳ. ಹಗ್ಗ ಬಿಚ್ಚು, ನಡಿ. ಈ ಸಲ ಎಳೀಬ್ಯಾಡ.”