ತುಂಬಿದ ಕೈಯ ಅಮೈನು

ಪ್ರಯೋಗಾಲಯದ ಗಾಜಿನ ಬಟ್ಟಲಲ್ಲಿ ಅಮೈನು ಎಂಬ ದ್ರವವೂ ಅಮೃತಶಿಲೆಯ ತುಣುಕೂ ನೆರೆಹೊರೆಯಾಗಿದ್ದವು. ಅಮೈನಿಗೆ ನಾಲ್ಕು ಕೈ. ಮೂರರಲ್ಲಿ ಮೀಥೈಲು ಎಂಬ ಇಂಗಾಲದ ಪುಟ್ಟ ಗುಂಪುಗಳನ್ನು ಹಿಡಿದು ಒಂದನ್ನು ಖಾಲಿ ಬಿಟ್ಟಿತ್ತು. ಆಮ್ಲದ ಹನಿ ಬಿದ್ದು, ಅದರೊಳಗಿನ ಪ್ರೋಟಾನು ಕಲ್ಲನ್ನು ಕೊರೆಯಲು ಹೊರಟಾಗಲೆಲ್ಲ ಆ ಕೈಯಿಂದಲೇ ಅದನ್ನು ಹಿಡಿದು ನಿಲ್ಲಿಸುತ್ತಿತ್ತು. ಆದರೆ ತನ್ನ ಮೀನುವಾಸನೆಗೆ ಬಂದವರೆಲ್ಲ ಮೂಗು ಮುಚ್ಚಿಕೊಳ್ಳುವುದನ್ನು ಅದು ಸಹಿಸದಾಯಿತು.

ಒಂದು ದಿನ ಮೀಥೈಲ್ ಅಯೊಡೈಡು ಎಂಬ ಇನ್ನೊಂದು ದ್ರವ ಬಟ್ಟಲಿಗೆ ಬಂದು, "ನಿಮ್ಮ ಖಾಲಿ ಕೈಗೂ ಒಂದು ಮೀಥೈಲನ್ನು ಕೊಡುತ್ತೇನೆ. ವಾಸನೆ ಹೋಗಿ ಬಿಳಿಯ ಲವಣವಾಗುತ್ತೀರಿ," ಎಂದಿತು.

"ಬೇಕೆಂದಾಗ ಬಿಡಿಸಿಕೊಳ್ಳಬಹುದೇ?" ಎಂದು ಅಮೃತಶಿಲೆ ಕೇಳಿತು.

"ಬಿಡಿಸಿಕೊಳ್ಳುವುದಾದರೂ ಏಕೆ?" ಎನ್ನುತ್ತ ಅಮೈನು ಕೈ ಚಾಚಿತು. ಅದು ಹರಳುಗಟ್ಟಿ ಹೊಳೆಯಿತು, ನೋಡಿದವರು ಹೊಗಳಿದರು.

ಕೆಲವು ದಿನಗಳಲ್ಲೇ ಬಟ್ಟಲಿಗೆ ಮತ್ತೆ ಆಮ್ಲ ಬಿತ್ತು.

"ಅದನ್ನು ಹಿಡಿಯಿರಿ, ನೆರೆಯವರೇ," ಎಂದಿತು ಅಮೃತಶಿಲೆ.

ಲವಣವು ನಾಲ್ಕನೆಯ ಮೀಥೈಲನ್ನು ಕೊಡವಿಕೊಳ್ಳಲು ಹೆಣಗಿತು. ಅದು ಕದಲಲಿಲ್ಲ. ಪ್ರೋಟಾನು ಪಕ್ಕದಿಂದಲೇ ದಾಟಿಹೋಗಿ ಕಲ್ಲಿಗೆ ಬಾಯಿ ಹಾಕಿತು. ತನ್ನ ಕೈ ತುಂಬಿದೆ ಎಂದು ಹೇಳಲೂ ಲವಣಕ್ಕೆ ನಾಚಿಕೆಯಾಯಿತು. ಕ್ಷಮೆ ಕೇಳುವ ಮಾತು ಬಾಯಿಗೆ ಬರುವಷ್ಟರಲ್ಲಿ ಕಲ್ಲಿದ್ದ ಜಾಗದಲ್ಲಿ ಬರೀ ಗುಳ್ಳೆಗಳಿದ್ದವು.